ಎರಡು ಹಾಸಿಗೆಯ ಮನೆಗಾಡಿ

ಎಲ್ಲಾ ಶುರುವಾದದ್ದು ದಾಲ್ಚಿನ್ನಿ ಡಬ್ಬಿಯಿಂದ. ಅಮೆರಿಕದ ಚಳಿಸೀಮೆ ಮಿನ್ನೆಸೋಟದ ಹಾಲಿನ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿ ನಿವೃತ್ತನಾದ ಆರ್ಡನ್, ಮನೆಗೆ ಬಂದು ಕೂತವನು ಸುಮ್ಮನೆ ಕೂರಲಿಲ್ಲ. ಹೆಂಡತಿ ಮಾರ್ಲಿಸಳ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ಜೋಡಿಸಿಟ್ಟ. ಪಾಪ, ಅವಳು ಕೈಗೆ ಸಿಕ್ಕಿದ್ದೇ ದಾಲ್ಚಿನ್ನಿ ಅಂದುಕೊಂಡು ಸೇಬಿನ ಕಡುಬಿಗೆ ಖಾರದ ಪುಡಿ ಸುರಿದಳು.

ಆ ಸೀಮೆಯವರು ಮುಖಕ್ಕೆ ಹೊಡೆದ ಹಾಗೆ ಮಾತಾಡುವವರಲ್ಲ. ಮನೆಗೆ ಬೆಂಕಿ ಬಿದ್ದರೂ ಸ್ವಲ್ಪ ಬೆಚ್ಚಗಾಯ್ತು ಅನ್ನುವ ಜನ. ಮಾರ್ಲಿಸ್ ಕಡುಬನ್ನು ಕಸಕ್ಕೆ ಹಾಕಿ ಬಂದು, ಜನ್ಮವಿಡೀ ದುಡಿದವನು ನೀನು, ಒಲೆ ಹಾಸಿಗೆ ಎಲ್ಲ ಒಳಗೇ ಇರೋ ಒಂದು ಮನೆಗಾಡಿ ಕೊಂಡು ಚಳಿಗಾಲವನ್ನ ಅರಿಜೋನದ ಬಿಸಿಲಲ್ಲಿ ಕಳೆದರೆ ಹೇಗೆ ಅಂದಳು.

ಆರ್ಡನ್ ಒಳಗೊಳಗೇ ಕುಣಿದ. ಬಿಸಿಲಿನ ಆಸೆಗಲ್ಲ. ಪಕ್ಕದ ಮನೆಯ ವರ್ಲಿನ್ ದಿನಾ ಬೆಳಿಗ್ಗೆ ಕಾಫಿಗೆ ಬಂದು ತನ್ನ ಮಂಡಿ ಆಪರೇಷನ್ನಿನ ಪುರಾಣ ಬಿಚ್ಚುತ್ತಿದ್ದ. ಗಿರಣಿಯಾದರೂ ಕರೆಂಟು ಹೋದರೆ ನಿಂತೀತು, ಅವನ ಬಾಯಿ ನಿಲ್ಲದು. ಬರಬೇಡ ಮಾರಾಯ ಅನ್ನಲು ಆರ್ಡನ್‌ಗೆ ನಾಲಿಗೆ ಏಳದು. ಒಂದು ಚಳಿಗಾಲವಾದರೂ ಆ ಮಂಡಿಯಿಂದ ಬಿಡುಗಡೆ ಸಿಕ್ಕರೆ ಸಾಕಿತ್ತು.

ಮರುದಿನ ಗಂಡ ಹೆಂಡತಿ ಗಾಡಿ ನೋಡಲು ಹೊರಟರೆ ಕಾರಿನ ಹಿಂದಿನ ಸೀಟಿನಲ್ಲಿ ವರ್ಲಿನ್ ಆಗಲೇ ಕೂತಿದ್ದ. ಜೊತೆಗೆ ಹೋಗು ಅಂತ ಅವನ ಹೆಂಡತಿ ಡೊರೀನ್ ಒತ್ತಾಯ ಮಾಡಿದಳಂತೆ.

ಅಂಗಡಿಯ ಬಯಲಲ್ಲಿ ಮೊದಲು ತೋರಿಸಿದ್ದು ಟ್ರಕ್ಕಿನ ಹಿಂದೆ ಕಟ್ಟಿ ಎಳೆಯುವ ಮನೆ.

"ಹುಲ್ಲು ಕೊಯ್ಯೋ ಮಿಷನ್ನನ್ನೇ ಬೇಲಿಗೆ ಗುದ್ದಿದವನು ನೀನು. ಇದನ್ನ ಹಿಂದಕ್ಕೆ ತಗೊಳ್ಳೋಕೆ ಆಗುತ್ತಾ?" ಅಂದ ವರ್ಲಿನ್.

ರೋಷಕ್ಕೆ ಬಿದ್ದ ಆರ್ಡನ್ ಟ್ರಕ್ಕು ಹತ್ತಿ ಹಿಂದಕ್ಕೆ ತೆಗೆದ. ಹಿಂದಿನ ಮನೆ ಟ್ರಕ್ಕಿನ ಕಡೆಗೇ ಕತ್ತರಿಯ ಹಾಗೆ ಮಡಚಿಕೊಂಡು, ಗಿರಾಕಿಗಳಿಗೆಂದು ಸಾಸೇಜು ಸುಡುತ್ತಿದ್ದ ಒಲೆಯ ಮೇಲೇ ಹೋಗಿ ಕೂತಿತು. ಅಂಗಡಿಯವನು ಚಪ್ಪಟೆಯಾದ ಸಾಸೇಜು ನೋಡಿ, ಹೇಗೂ ಬೆಂದಿತ್ತು ಬಿಡಿ ಅಂದ.

ಎರಡನೆಯದು ಬಸ್ಸಿನಷ್ಟು ದೊಡ್ಡದು. ಗುಂಡಿ ಒತ್ತಿದರೆ ಗೋಡೆಯೇ ಹೊರಗೆ ಚಾಚಿ ಹಜಾರ ಅಗಲವಾಗುತ್ತಿತ್ತು. ಮತ್ತೆ ಒತ್ತಿದರೆ ಒಳಕ್ಕೆ ಬರುತ್ತಿತ್ತು. ಆರ್ಡನ್ ಮತ್ತೆ ಒತ್ತಿದ. ಸೋಫಾಕ್ಕೂ ಅಡುಗೆ ಕಟ್ಟೆಗೂ ನಡುವೆ ವರ್ಲಿನ್ ಅಪ್ಪಚ್ಚಿಯಾಗಿ ನಿಂತ. ಆರ್ಡನ್‌ನ ಬೆರಳು ಗುಂಡಿಯ ಮೇಲೆ ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತೇ ಇತ್ತು ಅಂತ ಆಮೇಲೆ ಅಂಗಡಿಯವನು ಹೇಳಿದ. ಸಿಕ್ಕಿಕೊಂಡಲ್ಲೂ ವರ್ಲಿನ್ ಸುಮ್ಮನಿರಲಿಲ್ಲ. ಡಾಕ್ಟರು ಮಂಡಿಯನ್ನ ಹೀಗೇ ಅದುಮಿದ್ದರು ಅಂತ ಶುರು ಹಚ್ಚಿದ.

ಕೊನೆಗೆ ಒಂದು ಪುಟ್ಟ ವ್ಯಾನು ಆರ್ಡನ್‌ನ ಕಣ್ಣಿಗೆ ಬಿತ್ತು. ಒಲೆ, ಟಾಯ್ಲೆಟ್ಟು, ಒಂದು ಹಾಸಿಗೆ. ನೆಂಟರ ಬೆಕ್ಕಿಗೂ ಜಾಗವಿಲ್ಲ. ಅವನು ಕೈ ಚಾಚುವಷ್ಟರಲ್ಲಿ ಮಾರ್ಲಿಸ್ ಅಡ್ಡ ಬಂದಳು. ಹಾಸಿಗೆ ಎರಡು ಬೇಕು, ಅತ್ತ ಒಂದು ಇತ್ತ ಒಂದು, ನಡುವೆ ದಾರಿ ಇರಬೇಕು ಅಂದಳು. ನನ್ನ ಗೊರಕೆಗೆ ಹೆದರಿದಳು ಅಂತ ಆರ್ಡನ್ ನಾಚಿಕೊಂಡು ಒಪ್ಪಿದ. ಅಂಥದ್ದೇ ಒಂದು ವ್ಯಾನು ಸಿಕ್ಕಿದ ಮೇಲೆ, ಒಳಗೆ ಬಂದು ಮಲಗಿ ನೋಡು ಅಂದರೆ, ಇಲ್ಲಿಂದಲೇ ಚೆನ್ನಾಗಿ ಕಾಣ್ತಿದೆ ಅಂತ ಮೆಟ್ಟಿಲ ಮೇಲೇ ನಿಂತಳು.

ಸಂಜೆ ಎರಡು ಹಾಸಿಗೆಯ ವ್ಯಾನು ಮನೆ ಮುಂದೆ ನಿಂತಿತು. ಆರ್ಡನ್ ಒಳಗೆ ಹೋದರೆ ಮಸಾಲೆ ಡಬ್ಬಿಗಳೆಲ್ಲ ಆಗಲೇ ಹಳೇ ಜಾಗಕ್ಕೆ ಬಂದಿದ್ದವು. ಡೊರೀನ್ ಮೇಜಿನ ಹತ್ತಿರ ಆರಾಮಾಗಿ ಕಾಫಿ ಹೀರುತ್ತಿದ್ದಳು. ಬಾಗಿಲ ಬಳಿ ಒಂದೇ ಒಂದು ಪೆಟ್ಟಿಗೆ, ಅದರ ತುಂಬ ಅವನ ಬಟ್ಟೆ.

"ನಿಂದೆಲ್ಲಿ?" ಅಂದ ಹೆಂಡತಿಗೆ.

"ಮನೆ ಬಿಟ್ಟು ಬರೋಕಾಗುತ್ತಾ, ಆರ್ಡನ್? ಹಂಗಂತ ನಿನ್ನೊಬ್ಬನ್ನೇ ಕಳಿಸೋಕೂ ಮನಸ್ಸು ಬರ್ಲಿಲ್ಲ. ನಾನೂ ಡೊರೀನೂ ಮಾತಾಡ್ಕೊಂಡ್ವಿ."

ಆರ್ಡನ್ ಹೊರಗೆ ಓಡಿದ. ವ್ಯಾನಿನೊಳಗೆ ದೀಪ ಉರಿಯುತ್ತಿತ್ತು. ಎಡಗಡೆ ಹಾಸಿಗೆಯ ಮೇಲೆ ವರ್ಲಿನ್ ಸ್ವಂತ ದಿಂಬು ಇಟ್ಟುಕೊಂಡು ಕಾಲು ಚಾಚಿದ್ದ.

"ಬಲಗಡೇದು ನಿಂಗೆ. ಇಷ್ಟು ದಿನ ಹೇಳಿದ್ದೆಲ್ಲ ಎಡ ಮಂಡಿ ವಿಷಯ. ಬಲ ಮಂಡೀದು ಇನ್ನೂ ಶುರುವೇ ಮಾಡಿಲ್ಲ ನೋಡು. ಬೇಜಾರಾಗಲ್ಲ ತಾನೆ?"

ಆರ್ಡನ್ ಬಾಯಿ ತೆರೆದ. ಏನು ಮಾಡುವುದು, ಹುಟ್ಟಿದ್ದು ಆ ಸೀಮೆಯಲ್ಲಿ.

"ಪರವಾಗಿಲ್ಲ," ಅಂದ, "ಹೇಳು."