ಸೋರುವ ಬ್ಯಾಟರಿಯ ಬಾಳಿಕೆ

ಮಿಲುಟಿನ್‌ನ ಮನೆಯಲ್ಲಿ ಎರಡು ಬ್ಯಾಟರಿಗಳಿದ್ದವು. ಒಂದು ಹೆಂಡತಿ ರೂಜಿತ್ಸಾಗೆ ಗೊತ್ತಿದ್ದದ್ದು, ಇನ್ನೊಂದು ಅವಳಿಗೆ ಗೊತ್ತಾಗಬಾರದ್ದು.

ಮೊದಲನೆಯದು ಅಡುಗೆಮನೆಯ ನಲ್ಲಿ. ಬೆಚೇಯ್ ಊರಿನಲ್ಲಿ, ಅಷ್ಟೇಕೆ, ಇಡೀ ಸರ್ಬಿಯಾದಲ್ಲೇ, ಹಿಡಿ ಎಳೆದರೆ ಬಿಸಿನೀರು ತಣ್ಣೀರು ಎರಡನ್ನೂ ಒಂದೇ ಮೂತಿಯಲ್ಲಿ ಬಿಡುವ ನಲ್ಲಿಗೆ ಬ್ಯಾಟರಿ ಎಂದೇ ಹೆಸರು. (ಹೀಗೇಕೆ ಎಂದು ಅಲ್ಲಿ ಯಾರನ್ನಾದರೂ ಕೇಳಿದರೆ, ಮತ್ತೇನೆಂದು ಕರೆಯಬೇಕಿತ್ತು ಎಂದು ನಿಮ್ಮನ್ನೇ ಕೇಳುತ್ತಾರೆ.) ಈ ನಲ್ಲಿ ಎಂಟು ತಿಂಗಳಿಂದ ತೊಟ್ಟಿಕ್ಕುತ್ತಿತ್ತು. ರೂಜಿತ್ಸಾ ಅದರ ಕೆಳಗೊಂದು ಬೋಗುಣಿ ಇಟ್ಟಿದ್ದಳು. ಬೋಗುಣಿ ತುಂಬಿದಾಗಲೆಲ್ಲ ಅವಳ ಬಾಯಿ ತೆರೆಯುತ್ತಿತ್ತು. "ನಾಳೆ ಬದಲಾಯಿಸ್ತೀನಿ" ಎಂದು ಮಿಲುಟಿನ್ ಎಷ್ಟು ಸಲ ಹೇಳಿದ್ದನೆಂದರೆ, ಆ ನಾಳೆಗಳನ್ನೆಲ್ಲ ಸೇರಿಸಿದ್ದರೆ ಒಂದು ಹೊಸ ಕ್ಯಾಲೆಂಡರೇ ಆಗುತ್ತಿತ್ತು.

ಎರಡನೆಯದು ನಮಗೆಲ್ಲ ಗೊತ್ತಿರುವ ಜಾತಿಯದೇ: ಬೆರಳುದ್ದದ, ಚಾರ್ಜ್ ಮಾಡುವ ಶೆಲ್ಲು. ಅದು ಇದ್ದದ್ದು ಮಿಲುಟಿನ್‌ನ ಇ-ಸಿಗರೇಟಿನ ಹೊಟ್ಟೆಯಲ್ಲಿ. ಇ-ಸಿಗರೇಟು ಇದ್ದದ್ದು ಅವನ ಕೋಟಿನ ಒಳಜೇಬಿನಲ್ಲಿ. ಕೋಟು ಇದ್ದದ್ದು, ಏಪ್ರಿಲ್ ಮುಗಿದು ಸೆಖೆ ಹತ್ತಿದ್ದರೂ, ಅವನ ಮೈಮೇಲೆ.

ಇಷ್ಟೆಲ್ಲ ಗುಟ್ಟಿಗೆ ಕಾರಣ ಒಂದು ದೋಣಿ. ಹೋದ ವರ್ಷ ಜೂರ್ಜೆವ್ದಾನ್ ಹಬ್ಬದ ದಿನ, ಮಾವ ಸ್ವೆತೊಜಾರ್ ಅವರ ಮನೆಯಲ್ಲಿ, ಉರಿಯುವ ಮೇಣದಬತ್ತಿಯ ಮುಂದೆ, ಹಬ್ಬದ ರೊಟ್ಟಿಯ ಮೇಲೆ ಕೈಯಿಟ್ಟು, ಇಪ್ಪತ್ತು ಜನ ನೆಂಟರ ಸಮ್ಮುಖದಲ್ಲಿ ಮಿಲುಟಿನ್ ಘನಘೋರ ಶಪಥ ಮಾಡಿದ್ದ: "ಇನ್ಮೇಲೆ ಸಿಗರೇಟು ಮುಟ್ಟಲ್ಲ!" (ಮೂರು ಲೋಟ ರಾಕಿಯಾ ಒಳಗಿಳಿದಿದ್ದ ಧೈರ್ಯ ಅದು.) ಮಾವನೂ ಬಿಡಲಿಲ್ಲ. "ಅಳಿಯ, ಮುಂದಿನ ಹಬ್ಬದವರೆಗೆ ಈ ಮಾತು ಉಳಿಸ್ಕೊ. ನನ್ನ ದೋಣಿ ನಿಂದು" ಎಂದುಬಿಟ್ಟರು. ಎಂಜಿನ್ ಇರುವ ಹಸಿರು ದೋಣಿ.

ಮಿಲುಟಿನ್‌ಗೆ ಮೀನು ಹಿಡಿಯಲು ಬಾರದು. ಮುಳ್ಳಿನ ಭಯಕ್ಕೆ ತಿನ್ನಲೂ ಬಾರದು. ಅವನಿಗೆ ಬೇಕಿದ್ದದ್ದು ತಿಸಾ ನದಿಯ ನಟ್ಟನಡುವೆ, ಹೆಂಡತಿಯ ಮೂಗಿಗೆ ಎಟುಕದ ನಾಲ್ಕು ಮೊಳ ಜಾಗ. ಅಲ್ಲಿ ಒಬ್ಬನೇ ಕೂತು ನಿಶ್ಚಿಂತೆಯಿಂದ ಸೇದಬಹುದಲ್ಲ! ಸೇದಲು ಜಾಗ ಸಿಗಲೆಂದು ಸೇದುವುದನ್ನು ಬಿಟ್ಟ ಪುಣ್ಯಾತ್ಮ ಅವನೊಬ್ಬನೇ ಇರಬೇಕು.

ನಾಲ್ಕು ತಿಂಗಳು ತಡೆದ. ಸೆಪ್ಟೆಂಬರಿನಲ್ಲಿ ತಡೆಯಲಾರದೆ ಇ-ಸಿಗರೇಟು ಕೊಂಡ. ಅವನ ವಾದ ಬಹಳ ಸರಳ. ಇದರಲ್ಲಿ ಬೆಂಕಿಯಿಲ್ಲ, ಬೂದಿಯಿಲ್ಲ, ಬರುವುದು ಹೊಗೆಯೂ ಅಲ್ಲ, ಬರೀ ಆವಿ. ಆದ್ದರಿಂದ ಇದು ಸಿಗರೇಟೇ ಅಲ್ಲ, ಗೃಹೋಪಯೋಗಿ ವಿದ್ಯುತ್ ಉಪಕರಣ. (ಇಷ್ಟು ಸರಳವಾದ ವಾದವನ್ನು ಹೆಂಡತಿಯ ಮುಂದೆ ಮಂಡಿಸಲು ಅವನಿಗೆ ಯಾಕೋ ಸಮಯ ಸಿಕ್ಕಿರಲಿಲ್ಲ.) "ಎಲೆಕೋಸಿನ ಪೀಪಾಯಿ ನೋಡ್ಕೊಂಡು ಬರ್ತೀನಿ" ಎಂದು ಕಟ್ಟಡದ ನೆಲಮಾಳಿಗೆಗೆ ಇಳಿದು ಸೇದಿ ಬರುತ್ತಿದ್ದ. ಉಪ್ಪಿಗೆ ಹಾಕಿದ ಎಲೆಕೋಸು ಫೆಬ್ರವರಿಯಲ್ಲೇ ಮುಗಿದಿತ್ತು. ಪೀಪಾಯಿಯ ಮೇಲ್ವಿಚಾರಣೆ ಮಾತ್ರ ನಿಂತಿರಲಿಲ್ಲ. ಆ ಆವಿಯಿಂದ ಅವನ ಬಾಯಿಗೆ ಹತ್ತಿದ ಪ್ಲಮ್ ಹಣ್ಣಿನ ಘಮಕ್ಕೆ, ಗಂಡ ಕದ್ದು ಪ್ಲಮ್ ರಾಕಿಯಾ ಕುಡಿಯುತ್ತಿದ್ದಾನೆಂದು ತಿಳಿದು ರೂಜಿತ್ಸಾ ಕ್ಷಮಿಸಿದ್ದಳು. ಅದು ಮರ್ಯಾದಸ್ಥರ ಚಟ.

ಹಬ್ಬ ಈ ಸಲ ಭಾನುವಾರ ಬಿದ್ದಿತ್ತು. ಅದಕ್ಕೆ ನಾಲ್ಕೇ ದಿನ ಉಳಿದಿರುವಾಗ, ಬುಧವಾರ, ಶೆಲ್ಲು ಕೈಕೊಟ್ಟಿತು. ಮಿಲುಟಿನ್ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು, ಬಸ್ ನಿಲ್ದಾಣದ ಬಳಿ ಇ-ಸಿಗರೇಟಿನ ಅಂಗಡಿ ಇಟ್ಟಿದ್ದ ಹಳೆಯ ಸಹಪಾಠಿ ನೆಬೊಯ್ಶಾಗೆ ಫೋನ್ ಮಾಡಿದ.

"ಬ್ಯಾಟರಿ ಹೋಯ್ತು ಕಣೋ. ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿದ್ರೆ ಹತ್ತು ಗಂಟೆಗೇ ಖಾಲಿ. ಮುಟ್ಟಿದ್ರೆ ಬಿಸಿ ಬೇರೆ."

"ತಗೊಂಡು ಎಷ್ಟು ದಿನ ಆಯ್ತು?"

"ಎಂಟು ತಿಂಗಳು. ಇವುಗಳ ಆಯಸ್ಸೇ ಇಷ್ಟಾ?"

"ಮುನ್ನೂರರಿಂದ ಐನೂರು ಸಲ ಚಾರ್ಜ್ ಮಾಡೋವರೆಗೆ ಬರುತ್ತೆ. ದಿನಕ್ಕೊಂದು ಸಲ ಮಾಡೋರಿಗೆ ಒಂದು ವರ್ಷ, ಒಂದೂವರೆ ವರ್ಷ. ನೀನು ದಿನಕ್ಕೆಷ್ಟು ಸಲ ಮಾಡ್ತೀಯ?"

"ಒಂದು."

"ಮಿಲುಟಿನ್, ನಾನು ಅಂಗಡಿಯವನು. ನಿನ್ನ ಹೆಂಡತಿಯಲ್ಲ."

"ಎರಡು," ಎಂದ ಮಿಲುಟಿನ್. "ಭಾನುವಾರ ಮೂರು."

"ಹಾಗಾದ್ರೆ ಅದು ಪೂರ್ಣಾಯುಷ್ಯ ಮುಗಿಸ್ಕೊಂಡೇ ಹೋಗಿದೆ, ಅಳಬೇಡ. ನಿನ್ನ ಸೈಜಿನ ಶೆಲ್ಲು ಶನಿವಾರ ಬರುತ್ತೆ."

"ಶನಿವಾರದವರೆಗೆ ನಾನು ಏನೋ ಮಾಡ್ಲಿ? ಇದು ಸೋರ್ತಾನೂ ಇದೆ!"

"ಸೋರೋದು ದ್ರವ ತುಂಬೋ ಟ್ಯಾಂಕು ಕಣೋ, ಬ್ಯಾಟರಿ ಅಲ್ಲ."

"ಯಾವುದೋ ಒಂದು!" ಮಿಲುಟಿನ್‌ನ ಪಿಸುಮಾತು ಗುಟ್ಟಿನ ಗಡಿ ದಾಟಿತು. "ಈ ಸೋರೋ ಬ್ಯಾಟರಿ ಸಹವಾಸ ಸಾಕಾಗಿದೆ. ಶನಿವಾರ ಹೊಸದು ಹಾಕೇ ಹಾಕ್ತೀನಿ. ರೂಜಿತ್ಸಾಗೆ ಮಾತ್ರ ಗೊತ್ತಾಗಬಾರದು!"

ಫೋನಿಟ್ಟು ಬಾಗಿಲು ತೆರೆದರೆ ಎದುರಿಗೇ ರೂಜಿತ್ಸಾ, ಇಸ್ತ್ರಿ ಮಾಡಿದ ಬಟ್ಟೆಗಳನ್ನು ಎದೆಗವಚಿಕೊಂಡು ನಿಂತಿದ್ದಾಳೆ. ಕೊನೆಯ ಮಾತುಗಳನ್ನು ಬಾಗಿಲಿನಾಚೆಯಿಂದ ಚೆನ್ನಾಗಿಯೇ ಕೇಳಿಸಿಕೊಂಡಿದ್ದಳು. ಕಣ್ಣಲ್ಲಿ ನೀರು.

"ಕೇಳಿಸ್ತು," ಎಂದಳು. "ಬ್ಯಾಟರಿ ವಿಷಯ ಎಲ್ಲ ಗೊತ್ತಾಯ್ತು."

ಮಿಲುಟಿನ್‌ನ ಕಣ್ಣ ಮುಂದೆ ಹಸಿರು ದೋಣಿ ಬುಡಮೇಲಾಯಿತು. "ರೂಜಾ... ಕೋಪ ಮಾಡ್ಕೋಬೇಡ..."

"ಕೋಪಾನಾ? ಎಂಟು ತಿಂಗಳಿಂದ ಇದಕ್ಕೇ ಕಾಯ್ತಿದ್ದೆ, ಬಂಗಾರ! ನನಗೆ ಗೊತ್ತಾಗದ ಹಾಗೆ ಮಾಡಿ ಖುಷಿ ಪಡಿಸ್ಬೇಕು ಅಂತಿದ್ದೆಯಾ?"

ಎಂಟು ತಿಂಗಳು! ಹಾಗಾದರೆ ಇವಳಿಗೆ ಮೊದಲ ದಿನದಿಂದಲೇ ಗೊತ್ತು. ತಾನಾಗಿ ಬಾಯಿ ಬಿಡಲೆಂದು ಕಾದಿದ್ದಾಳೆ. ಎಂಥ ಹೆಂಗಸು! ಮಿಲುಟಿನ್ ಅವಳ ಕೈಯಿಂದ ಬಟ್ಟೆಗಳನ್ನು ಇಸಿದುಕೊಂಡ.

"ನಿಮ್ಮಪ್ಪಂಗೆ ಮಾತ್ರ ಹೇಳ್ಬೇಡ."

"ಯಾಕೆ ಹೇಳ್ಬಾರ್ದು? ಅಪ್ಪನ ಮನೇಲೂ ಮೂರಿದೆಯಲ್ಲ! ಅಡುಗೆಮನೇಲೊಂದು, ಬಚ್ಚಲಲ್ಲೊಂದು, ಹಿತ್ತಲಲ್ಲೊಂದು."

"ಮೂ... ಮೂರಾ?"

"ಹೂಂ. ಬಚ್ಚಲಿಂದು ಅಮ್ಮ ಇದ್ದಾಗ ತಂದದ್ದು. ಬೆಳಿಗ್ಗೆ ಎದ್ದ ತಕ್ಷಣ ಅವಳಿಗೆ ಅದೇ ಬೇಕಿತ್ತು. ಇಪ್ಪತ್ತೆರಡು ವರ್ಷ ಆಯ್ತು, ಒಂದು ಹನಿ ಸೋರಲ್ಲ."

ಮುಖದಲ್ಲಿ ದೇವರ ಪಟದ ಕಳೆಯಿದ್ದ ಅತ್ತೆ ಬಚ್ಚಲಲ್ಲಿ ಕೂತು ಆವಿ ಬಿಡುವುದನ್ನು ಮಿಲುಟಿನ್ ಕಲ್ಪಿಸಿಕೊಳ್ಳಲು ನೋಡಿದ. ಆಗಲಿಲ್ಲ. "ಇಪ್ಪತ್ತೆರಡು ವರ್ಷ ಹೇಗೆ ಬರುತ್ತೆ ರೂಜಾ? ನಂದು ಒಂದು ವರ್ಷಾನೂ ಬರ್ಲಿಲ್ಲ."

"ನಿಂಗೆ ಎಲ್ಲದಕ್ಕೂ ಆತುರ. ರಪ್ಪಂತ ಎಳೀತೀಯ. ಮೆಲ್ಲಗೆ ಎಳೆದು ಮೆಲ್ಲಗೆ ಬಿಟ್ರೆ ಬಾಳಿಕೆ ಬರುತ್ತೆ."

ಮಾತಿನಲ್ಲಿ ತಥ್ಯವಿತ್ತು. ಮಿಲುಟಿನ್ ತಲೆ ತಗ್ಗಿಸಿದ.

"ಶನಿವಾರ ಅಪ್ಪ ದೋಣಿಯ ಕೀಲಿ ತಗೊಂಡು ಊಟಕ್ಕೆ ಬರ್ತಾರೆ," ಎಂದಳು ರೂಜಿತ್ಸಾ. "ಹೊಸದನ್ನ ಅವರ ಎದುರಿಗೇ ಹಾಕು. ಎಷ್ಟು ಹೆಮ್ಮೆ ಪಡ್ತಾರೆ ನೋಡು!"

ಗುರುವಾರ, ಶುಕ್ರವಾರಗಳನ್ನು ಮಿಲುಟಿನ್ ಕಳೆದನೆನ್ನುವುದಕ್ಕಿಂತ ಅವೇ ಅವನನ್ನು ಎಳೆದುಕೊಂಡು ಹೋದವೆನ್ನಬೇಕು. ಸತ್ತ ಶೆಲ್ಲಿನಿಂದ ಒಂದು ಎಳೆತವೂ ಬಾರದು. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ತಾನು ಕೆಲಸ ಮಾಡುವ ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತು ಒಂದೇ ಲಕೋಟೆಗೆ ನಾಲ್ಕು ಸಲ ಮೊಹರು ಹೊಡೆದ. ಐದನೆಯದು ಲಕೋಟೆ ಕೊಟ್ಟ ಮುದುಕಿಯ ಹೆಬ್ಬೆರಳಿಗೆ ಬಿತ್ತು. ಮನೆಯಲ್ಲಿ ಕಿಟಕಿ ತೆರೆದ, ಮುಚ್ಚಿದ, ಚಮಚಗಳನ್ನು ಉದ್ದದ ಪ್ರಕಾರ ಜೋಡಿಸಿದ, ಮತ್ತೆ ಕಿಟಕಿ ತೆರೆದ. "ಗಾಳಿ ಹೊಡೆದು ಕುತ್ತಿಗೆ ಹಿಡ್ಕೊಳ್ಳತ್ತೆ, ಮುಚ್ಚು!" ಎಂದು ರೂಜಿತ್ಸಾ ಕೂಗಿದಳಾದರೂ ಅವಳ ದನಿಯಲ್ಲಿ ಬೆಣ್ಣೆಯಿತ್ತು. ನಲ್ಲಿ ಬದಲಾಯಿಸಲು ಗಂಡ ಇಷ್ಟು ಚಡಪಡಿಸುವುದನ್ನು ಅವಳು ಮದುವೆಯಾದಂದಿನಿಂದ ಕಂಡಿರಲಿಲ್ಲ. ಎರಡೂ ದಿನ ಅವನ ತಟ್ಟೆಗೆ ಮಾಂಸ ತುಂಬಿದ ದೊಣ್ಣೆಮೆಣಸಿನಕಾಯಿ ಬಿತ್ತು, ಮೇಲೆ ಕೆನೆಮೊಸರು.

ಮೆಟ್ಟಿಲಲ್ಲಿ ಸಿಕ್ಕ ಕೆಳಮನೆಯ ಕೊಸಾರಾ ಅವನ ತೋಳು ಹಿಡಿದು ನಿಲ್ಲಿಸಿದಳು. "ಅಂತೂ ಬ್ಯಾಟರಿ ಬದಲಾಯಿಸ್ತೀಯಂತೆ! ರೂಜಿತ್ಸಾ ಹೇಳಿದ್ಲು. ನಮ್ಮೆಜಮಾನ್ರಿಗೂ ಸ್ವಲ್ಪ ಬುದ್ಧಿ ಹೇಳಪ್ಪಾ, ನಮ್ಮದು ಬರೀ ಗೊರಗೊರ ಅನ್ನುತ್ತೆ."

ಈ ಕಟ್ಟಡದಲ್ಲಿ ಇಷ್ಟೊಂದು ಜನ ಸೇದುತ್ತಾರೆಯೇ! ಮತ್ತೆ ತಾನೊಬ್ಬನೇ ಆ ಖಾಲಿ ಪೀಪಾಯಿಯ ಪಕ್ಕ ಎಂಟು ತಿಂಗಳು ಚಳಿಯಲ್ಲಿ ನಿಂತದ್ದು ಯಾವ ಸುಖಕ್ಕೆ?

ಶನಿವಾರ ಮಧ್ಯಾಹ್ನ ಶೆಲ್ಲು ಅಂಗಿಯ ಜೇಬಿಗೆ ಸೇರಿತು. ನಾಲ್ಕು ಮಹಡಿ ಹತ್ತುವಷ್ಟರಲ್ಲಿ ಮಿಲುಟಿನ್‌ನ ನಿರ್ಧಾರ ಗಟ್ಟಿಯಾಗಿತ್ತು: ಇನ್ನು ಕಳ್ಳತನವಿಲ್ಲ. ಮಾವನ ಎದುರಿಗೇ ಶೆಲ್ಲು ಹಾಕುವುದು, ಮೊದಲ ಎಳೆತವನ್ನು ಮಾವನಿಗೇ ನೀಡುವುದು.

ಅಡುಗೆಮನೆಗೆ ಕಾಲಿಟ್ಟರೆ ನೆಲದ ತುಂಬ ಹಳೇ ಪೇಪರು. ಸಿಂಕಿನ ಕೆಳಗಿನ ಬೀರುವಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಸಾಕ್ಸು ನೋಡಿ ಅವು ಮಾವನವು ಎಂದು ಗೊತ್ತಾಯಿತು. ರೂಜಿತ್ಸಾ ಒಲೆಯ ಮುಂದೆ ಹೊಸ ಏಪ್ರನ್ ಕಟ್ಟಿಕೊಂಡು ಮದುಮಗಳ ಹಾಗೆ ನಗುತ್ತಿದ್ದಳು.

"ಬಂದೆಯಾ ಅಳಿಯ?" ಬೀರುವಿನ ಒಳಗಿಂದ ದನಿ ಬಂತು. "ಹಳೇದು ಬಿಚ್ಚಿ ಆಯ್ತು. ಎಲ್ಲಿ, ಬ್ಯಾಟರಿ ಕೊಡು." ಕಾಲುಗಳ ಪಕ್ಕದಲ್ಲೇ ಒಂದು ಅಂಗೈ ಹೊರಬಂದು ಅಗಲವಾಯಿತು.

ಮಾವ ತಮ್ಮ ಇ-ಸಿಗರೇಟು ಬಿಚ್ಚಲು ಬೀರುವಿನೊಳಗೆ ಹೋಗಿ ಮಲಗಿದ್ದೇಕೆ ಎಂದು ಮಿಲುಟಿನ್ ಒಂದು ಕ್ಷಣ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಬಲಗೈಯಿಂದ ಶೆಲ್ಲನ್ನು ಆ ಅಂಗೈ ಮೇಲಿಟ್ಟ. ಎಡಗೈಯನ್ನು ಕೋಟಿನ ಒಳಜೇಬಿಗೆ ಹಾಕಿದ.

ಅಂಗೈ ಮುಚ್ಚಿತು. ತೆರೆಯಿತು. ಬೆರಳುಗಳು ಶೆಲ್ಲನ್ನು ಅತ್ತ ಉರುಳಿಸಿದವು, ಇತ್ತ ಉರುಳಿಸಿದವು.

"ಅಳಿಯ," ಎಂದಿತು ದನಿ. "ಇದರಲ್ಲಿ ನೀರು ಎಲ್ಲಿಂದ ಬರುತ್ತೆ?"

ಮಿಲುಟಿನ್ ಸಿಂಕಿನ ಕಡೆ ನೋಡಿದ. ನಲ್ಲಿ ಇರಬೇಕಾದ ಜಾಗದಲ್ಲಿ ಒಂದು ತೂತು ಅವನನ್ನೇ ದಿಟ್ಟಿಸುತ್ತಿತ್ತು. ಎಂಟು ತಿಂಗಳು, ಒಂದು ಹನಿ ಸೋರಲ್ಲ, ಬಚ್ಚಲಲ್ಲೊಂದು, ಹಿತ್ತಲಲ್ಲೊಂದು, ಎಲ್ಲವೂ ಆ ತೂತಿನಿಂದ ಒಟ್ಟಿಗೆ ಉಕ್ಕಿ ಅವನ ಮುಖಕ್ಕೆ ಹೊಡೆದಂತಾಯಿತು. ಎಡಗೈ ಜೇಬಿನಲ್ಲೇ ಕಲ್ಲಾಯಿತು.

"ನನ್ನ ಬ್ಯಾಟರಿ ಎಲ್ಲಿ?" ಎಂದಳು ರೂಜಿತ್ಸಾ. ನಗು ಒಲೆಯ ಪಾಲಾಗಿತ್ತು.

ಪ್ರಾಣಕ್ಕೆ ಬಂದಾಗ ಮನುಷ್ಯನಿಗೆ ಬುದ್ಧಿ ಎಲ್ಲಿಂದಲೋ ಬರುತ್ತದೆ. "ಅದು ಅಂಗಡೀಲಿದೆ, ಕಟ್ಟಿಸಿಟ್ಟು ಬಂದಿದೀನಿ. ಇದು ಟಾರ್ಚಿಗೆ! ದೋಣಿಯ ಟಾರ್ಚಿಗೆ, ಮಾವ. ನಾಳೆ ನೀವು ದೋಣಿ ಕೊಡ್ತೀರಿ, ಬೆಳಕಿಲ್ಲದ ದೋಣಿ ಶೋಭಿಸುತ್ತಾ?"

ಸ್ವೆತೊಜಾರ್ ಬೀರುವಿನಿಂದ ತೆವಳಿ ಹೊರಬಂದರು. ಕೈಯಲ್ಲಿ ದೋಣಿಯ ಟಾರ್ಚೇ ಇತ್ತು. ಬೀರುವಿನ ಕತ್ತಲೆಗೆಂದು ತಂದದ್ದು, ಮಿಣಮಿಣ ಎನ್ನುತ್ತಿತ್ತು. ಹಳೆಯ ಶೆಲ್ಲು ತೆಗೆದು ಹೊಸದನ್ನು ಹಾಕಿದರು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಬೆಳಕು ಎದುರುಗೋಡೆಗೆ ಹೋಗಿ ಬಡಿಯಿತು.

"ರೂಜಿತ್ಸಾ, ನಿನ್ನ ಗಂಡ ಬಂಗಾರದಂಥವನು!" ಎಂದರು ಮಾವ.

ಬಂಗಾರದಂಥವನು ಆಗಲೇ ಮೆಟ್ಟಿಲಿಳಿದು ಓಡುತ್ತಿದ್ದ. ಪೈಪಿನ ಅಂಗಡಿಯವನು ಅರ್ಧ ಎಳೆದಿದ್ದ ಷಟರಿನ ಕೆಳಗೆ ನುಗ್ಗಿ, ಸಿಕ್ಕಿದ ನಲ್ಲಿ ಹಿಡಿದುಕೊಂಡು ಬಂದ. ಮಾವ ಅದನ್ನು ಕೂರಿಸಿದರು. ನೀರು ಬಂತು. ರೂಜಿತ್ಸಾ ಗಂಡನ ಎರಡೂ ಕೆನ್ನೆಗೆ ಮುತ್ತಿಟ್ಟು, ಕೊಸಾರಾಳನ್ನು ಕರೆದು ತೋರಿಸಲು ಕೆಳಗೆ ಹೋದಳು.

ಮಾವ ಅಳಿಯ ಇಬ್ಬರೇ ಕಾಫಿಗೆ ಕೂತರು. ಮಿಲುಟಿನ್ ಎರಡು ದಿನಗಳ ನಂತರ ಮೊದಲ ಸಲ ಸರಿಯಾಗಿ ಉಸಿರಾಡಿದ. ಮಾವ ಉರಿಯುವ ಟಾರ್ಚನ್ನು ಮೇಜಿನ ಮೇಲಿಟ್ಟು ಮೆಚ್ಚುಗೆಯಿಂದ ನೋಡಿದರು.

"ಒಳ್ಳೇ ಶೆಲ್ಲು. ಈ ಜಾತೀದು ಎಷ್ಟು ದಿನ ಬರುತ್ತಪ್ಪಾ?"

ಕೊನೆಗೂ ತನಗೆ ಗೊತ್ತಿರುವ ವಿಷಯ ಬಂತಲ್ಲ ಎಂದು ಮಿಲುಟಿನ್ ಅರಳಿದ. "ಮುನ್ನೂರರಿಂದ ಐನೂರು ಚಾರ್ಜು, ಮಾವ. ದಿನಕ್ಕೊಂದು ಸಲ ಅಂದ್ರೆ ಒಂದು ವರ್ಷ, ಒಂದೂವರೆ ವರ್ಷ. ದಿನಕ್ಕೆ ಎರಡು ಸಲ ಅಂದ್ರೆ ಎಂಟು ತಿಂಗಳು."

"ಟಾರ್ಚನ್ನ ದಿನಕ್ಕೆ ಎರಡು ಸಲ ಯಾರು ಚಾರ್ಜ್ ಮಾಡ್ತಾರೆ, ಅಳಿಯ?"

ಹೊಸ ನಲ್ಲಿ ಒಂದು ಹನಿಯನ್ನೂ ಉದುರಿಸಲಿಲ್ಲ. ಮಾವನ ಕಣ್ಣು ಅಳಿಯನ ಮುಖದಿಂದ ನಿಧಾನವಾಗಿ ಇಳಿದು, ಸೆಖೆಯಲ್ಲೂ ಬಿಚ್ಚದ ಕೋಟಿನ ಒಳಜೇಬಿನ ಮೇಲೆ ನಿಂತಿತು.

"ರೂಜಿತ್ಸಾಗೆ... ಹೇಳ್ತೀರಾ?"

"ಹಬ್ಬದ ಹಿಂದಿನ ದಿನ ಯಾಕೆ ಮನೆ ಕೆಡಿಸ್ಲಿ?"

"ದೋಣಿ?"

"ಮಾತು ಕೊಟ್ಟಿದೀನಿ. ನೀನು ಸಿಗರೇಟಂತೂ ಮುಟ್ಟಿಲ್ಲ. ದೋಣಿ ನಿಂದೇ." ಮಾವ ಕೀಲಿಯನ್ನು ಮೇಜಿನ ಮೇಲಿಟ್ಟರು. ಮಿಲುಟಿನ್ ಕೈ ಚಾಚಿದ. ಮಾವ ಕೀಲಿಯ ಮೇಲೆ ಅಂಗೈ ಒತ್ತಿದರು. "ಟಾರ್ಚು ಮಾತ್ರ ನಂದು. ಟಾರ್ಚಿಲ್ಲದೆ ದೋಣಿ ನೀರಿಗಿಳೀಬಾರ್ದು, ನಾನಿಲ್ಲದೆ ಟಾರ್ಚು ಬರಲ್ಲ. ಈ ಬ್ಯಾಟರಿ ಸಾಯೋವರೆಗೂ ದೋಣೀಲಿ ನಿನ್ನ ಜೊತೆಗೇ ಇರ್ತೀನಿ. ವಾರಕ್ಕೊಂದು ಸಲ ಚಾರ್ಜ್ ಮಾಡ್ತೀನಿ. ಮುನ್ನೂರು ಅಂದ್ಯಲ್ಲ? ಲೆಕ್ಕ ಹಾಕು."

ಮಿಲುಟಿನ್ ಹಾಕಿದ. ಸುಮಾರು ಆರು ವರ್ಷ. ಐನೂರಕ್ಕೆ ಲೆಕ್ಕ ಹಾಕುವ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಕೊಸಾರಾಳ ಕೈ ಹಿಡಿದುಕೊಂಡು ರೂಜಿತ್ಸಾ ಒಳಗೆ ಬಂದಳು. "ಇದೇನಪ್ಪಾ, ಹಾಡುಹಗಲಲ್ಲಿ ಟಾರ್ಚು ಉರಿಸ್ಕೊಂಡು ಕೂತಿದೀರಿ?"

"ಇರ್ಲಿ ಬಿಡು ರೂಜಾ," ಎಂದ ಮಿಲುಟಿನ್. "ಉರೀಲಿ. ರಾತ್ರಿಯೆಲ್ಲ ಉರೀಲಿ."

ಮಾವ ಟಾರ್ಚು ಆರಿಸಿದರು. "ಸುಮ್ಸುಮ್ನೆ ಯಾಕೆ ಸವೆಸೋದು?" ಎಂದು ಕರವಸ್ತ್ರದಲ್ಲಿ ಸುತ್ತಿ, ಜೋಪಾನವಾ‌ಗಿ ಜೇಬಿಗಿಳಿಸಿದರು.