ಕೆನ್ನೆಯ ಗೀಟು

ಹೆಡತಲೆ ಊರಿನ ಪ್ರೇಮ್‌ಕುಮಾರ್ ಮೊಬೈಲಿನಲ್ಲಿ ಕಬಡ್ಡಿ ನೋಡುತ್ತ ನಡೆದು, ಕೋಳಿ ಅಂಗಡಿಯ ತಗಡಿನ ಬೋರ್ಡಿಗೆ ಕೆನ್ನೆ ಕೊಟ್ಟಿದ್ದ. ಆರು ಹೊಲಿಗೆ. ತಾಂಡ್ಯದ ಫ್ಯಾಕ್ಟರಿಯಲ್ಲಿ ಜೊತೆಯವರು ಅವನನ್ನು ಕಂಡರೆ ಸಾಕು, ಹುಂಜದಂತೆ ಕೂಗುತ್ತಿದ್ದರು.

ಹೊಲಿಗೆ ಬಿಚ್ಚಿದ ಡಾಕ್ಟರು, "ಲೇಸರ್ ಈಗಲೇ ಶುರು ಮಾಡಿಸಿ. ಪೂರ್ತಿ ಹೋಗಲ್ಲ, ಆದರೆ ಕಲೆ ಎದ್ದು ಕಾಣೋದು ಕಮ್ಮಿಯಾಗುತ್ತೆ" ಎಂದರು.

ಗಂಡಸು ಮುಖಕ್ಕೆ ಲೇಸರ್ ಹೊಡೆಸಿಕೊಂಡ ಎಂದು ಊರಿಗೆ ಗೊತ್ತಾದರೆ? ನಂಜನಗೂಡು ಬೇಡವೆಂದು ಅವನು ನರಸೀಪುರದ ಬಸ್ಸು ಹತ್ತಿದ. ಪಕ್ಕದ ಸೀಟಿನಲ್ಲಿ ಎದುರುಮನೆ ಪಾಪಮ್ಮ!

"ಎಲ್ಗೋಯ್ತಿದ್ದೀಯೋ ಮಗಾ?"

"ಅಲ್ಲು ನೋವು ಕಣತ್ತೆ."

"ನಮ್ಮಣ್ಣನ ಮಗ ನರಸೀಪುರದಲ್ಲೇ ಅಲ್ಲು ಡಾಕ್ಟ್ರು. ಬಾ, ನಾನೇ ತೋರುಸ್ತೀನಿ!"

ಪಾಪಮ್ಮ ಕೈ ಬಿಡಲಿಲ್ಲ. ಗಟ್ಟಿಮುಟ್ಟಾದ ಹಲ್ಲುಗಳನ್ನು ಅರ್ಧ ಗಂಟೆ ಕೆರೆಸಿಕೊಂಡು, ಅವನು ಚರ್ಮದ ಕ್ಲಿನಿಕ್ಕಿಗೆ ಕಳ್ಳನಂತೆ ನುಸುಳಿದ. ಹೆಸರು 'ಮದನ್' ಎಂದು ಬರೆಸಿದ.

ಮಾಸ್ಕ್ ಹಾಕಿದ್ದ ಸಿಸ್ಟರ್ ಮರಗಟ್ಟಿಸುವ ಕ್ರೀಮು ಹಚ್ಚಿ, "ಮುಕ್ಕಾಲು ಗಂಟೆ ಇರ್ಬೇಕು" ಎಂದಳು. ಕ್ರೀಮು ಕೆನ್ನೆಯನ್ನು ಮರಗಟ್ಟಿಸಿತು, ನಾಲಿಗೆಯನ್ನು ಬಿಟ್ಟಿತು.

"ಬರೋ ತಿಂಗ್ಳು ಮೂಗೂರ್ಗೆ ಎಣ್ಣು ನೋಡಾಕೋಗ್ಬೇಕು ಸಿಸ್ಟ್ರೇ. ಪಲ್ಲವಿ ಅಂತೆ. ಕೈಮೇಲೆ ಸುಟ್ಟ ಕಲೆ ಐತಂತೆ, ನಂಗಿಷ್ಟ ಇಲ್ಲ. ಆದ್ರೆ ನನ್ ಕೆನ್ನೇಲೇ ಗೀಟು ಮಡೀಕಂಡು ಎಂಗ್ ಬ್ಯಾಡ ಅನ್ನೋದು? ಅದ್ಕೇ ನಂದು ಮೊದ್ಲು ಅಳುಸ್ಕಂಡ್ಬುಡಾನಾ ಅಂತ!"

ಸಿಸ್ಟರ್ ನಗಲಿಲ್ಲ. ಗ್ಲೌಸ್ ಕಳಚಿ, ಕೋಟಿನ ತೋಳು ಮೇಲೆ ಸರಿಸಿದಳು. ಮಣಿಕಟ್ಟಿನಿಂದ ಮೊಣಕೈವರೆಗೂ ಸುಟ್ಟ ಕಲೆ.

"ಕುದಿಯೋ ಸಾರು ಬಿದ್ದಾಗ ನಂಗೆ ಒಂಬತ್ತು ವರ್ಷ. ಬೇಗ ತೋರಿಸಿ ಅಂತ ಹೇಳೋರು ಆಗ ಯಾರೂ ಇರ್ಲಿಲ್ಲ, ಪ್ರೇಮ್‌ಕುಮಾರ್ ಅವ್ರೇ."

ತನ್ನ ನಿಜವಾದ ಹೆಸರು ಅಷ್ಟು ಅಸಹ್ಯವಾಗಿ ಅವನಿಗೆ ಎಂದೂ ಕೇಳಿಸಿರಲಿಲ್ಲ. ಕಣ್ಣೆತ್ತಲಾಗದೆ ಬಾಗಿಲ ಕಡೆ ಎದ್ದ.

"ಕೂತ್ಕೊಳ್ಳಿ. ಕ್ರೀಮು ವೇಸ್ಟಾಗುತ್ತೆ. ಇದಕ್ಕೆ ತಡ ಮಾಡ್ಬಾರ್ದು" ಎಂದಳು ಪಲ್ಲವಿ.

"ತಪ್ಪಾಯ್ತು..." ಅವನು ಮತ್ತೆ ಕುರ್ಚಿಯಲ್ಲಿ ಕೂತ.

ಅಷ್ಟರಲ್ಲಿ ಡಾಕ್ಟರು ಒಳಬಂದು, ಅವನ ಮುಖ ನೋಡಿ ಬೆಚ್ಚಿದರು. "ಇದೇನಮ್ಮ, ಕಿವಿವರೆಗೂ ಕೆಂಪಾಗಿದೆ! ಮಿಷನ್ ಇನ್ನೂ ಆನ್ ಮಾಡೇ ಇಲ್ವಲ್ಲ?"

"ಅದು ಒಳಗಿಂದ ಬಂದಿರೋದು ಡಾಕ್ಟ್ರೇ," ಪಲ್ಲವಿ ಅವನ ಕಣ್ಣಿಗೆ ಕಪ್ಪು ಕನ್ನಡಕ ಏರಿಸಿದಳು. "ಇನ್ನೂ ಮೂರು ಸಲ ಬರ್ತಾರೆ. ಕ್ರೀಮು ನಾನೇ ಹಚ್ತೀನಿ."