ಸೊನ್ನೆ ಎತ್ತರದ ಪಂಪು

ಅಳತೆಗೋಲುಗಳ ಕೇಂದ್ರ ಕಚೇರಿಯಲ್ಲಿ ಬಿಸಿನೀರಿನ ಪಂಪು ಕೆಟ್ಟು ಇಪ್ಪತ್ತಾರು ದಿನಗಳಾಗಿದ್ದು, ಸದರಿ ವಿಷಯವು ಎಲ್ಲರ ಗಮನಕ್ಕೆ ಬಂದಿತ್ತು. ನೆಲಮಾಳಿಗೆಯ ಬಾಯ್ಲರಿನಲ್ಲಿ ನೀರೇನೋ ಕುದಿಯುತ್ತಿತ್ತು. ಅದನ್ನು ಕೊಳವೆಗಳಲ್ಲಿ ಕೋಣೆ ಕೋಣೆಗೂ ಸುತ್ತಿಸಿ ವಾಪಸು ತರುವವರಿಲ್ಲದೆ ಮೂರೂ ಮಹಡಿಗಳು ಕೊರೆಯುತ್ತಿದ್ದವು.

ಬಾಯ್ಲರ್ ಮೇಸ್ತ್ರಿಗೆ ಇದರ ಬಿಸಿ ಮನೆಯಲ್ಲೇ ತಟ್ಟಿತು. ಅವನ ಹೆಂಡತಿ ಅದೇ ಕಚೇರಿಯ ಮೂರನೇ ಮಹಡಿಯಲ್ಲಿ ಬೆರಳಚ್ಚುಗಾರ್ತಿ. ತಿಂಗಳ ಕೊನೆಗೆ ವೇಗದ ಪರೀಕ್ಷೆ. ನಿಮಿಷಕ್ಕೆ ನಲವತ್ತು ಪದ ಹೊಡೆಯದಿದ್ದರೆ ಕೆಲಸಕ್ಕೆ ಕುತ್ತು. ಮರಗಟ್ಟಿದ ಬೆರಳಲ್ಲಿ ಹನ್ನೊಂದು ಬರುತ್ತಿತ್ತು, ಅದರಲ್ಲಿ ನಾಲ್ಕು ತಪ್ಪು.

"ದಿನಾ ಬೆಂಕಿ ಜೊತೆ ಸಂಸಾರ ಮಾಡ್ತೀರಿ, ಹೆಂಡ್ತಿ ಬೆರಳು ಬೆಚ್ಚಗಿಡೋಕಾಗಲ್ವಾ?" ಎಂದಳು.

ಮೇಸ್ತ್ರಿ ಹೊಸ ಪಂಪಿಗಾಗಿ ಫಾರಂ ತುಂಬಿದ. 'ನೀರನ್ನು ಎಷ್ಟು ಎತ್ತರಕ್ಕೆ ಏರಿಸಬೇಕು?' ಎಂಬಲ್ಲಿ 'ಸೊನ್ನೆ. ಸುತ್ತಿಸಿದರೆ ಸಾಕು. ಬೋಗುಣಿಯಷ್ಟು ದೊಡ್ಡ ಪಂಪು ಧಾರಾಳ' ಎಂದು ಬರೆದ. ಅದು ಸತ್ಯವಾಗಿದ್ದರಿಂದ ತೊಂದರೆಯಾಯಿತು.

"ಏನಯ್ಯಾ, ನಾನು ಮೂರನೇ ಮಹಡೀಲಿ ಕೂತಿದ್ದೀನಿ. ನನ್ನ ಎತ್ತರ ಸೊನ್ನೆನಾ?" ಎಂದರು ಮೇಲಧಿಕಾರಿಗಳು.

"ಅಯ್ಯೋ, ಹಾಗಲ್ಲ ಸಾರ್. ಇಳಿಯೋ ನೀರೇ ಹತ್ತೋ ನೀರನ್ನ ಎಳ್ಕೊಳ್ಳುತ್ತೆ."

"ಇಳಿಯೋರು ಹತ್ತೋರಿಗೆ ಕೈಕೊಟ್ಟು ಎಳೆದಿದ್ದನ್ನ ಮೂವತ್ತು ವರ್ಷದ ಸರ್ವೀಸಲ್ಲಿ ನೋಡಿಲ್ಲ" ಎಂದು ಅವರು ಸೊನ್ನೆಯನ್ನು ಹೊಡೆದು ಹನ್ನೆರಡು ಮೀಟರ್ ಎಂದು ತಿದ್ದಿದರು.

ಕಡತ ಆರು ಮೇಜು ದಾಟಬೇಕಿತ್ತು. ಬಂದ ಕಡತವನ್ನು ಬಂದ ಹಾಗೇ ಕಳಿಸುವ ಮೇಜನ್ನು ಅನವಶ್ಯಕ ಮೇಜೆಂದು ಪರಿಗಣಿಸತಕ್ಕದ್ದು ಎಂಬ ನಿಯಮವಿದ್ದುದರಿಂದ, ಮೊದಲನೆಯವರು ಸುರಕ್ಷತೆಗೆಂದು ಅಂಕಿಯನ್ನು ದುಪ್ಪಟ್ಟು ಮಾಡಿದರು. ಎರಡನೆಯವರು ಆ ಸುರಕ್ಷತೆಯ ಸುರಕ್ಷತೆಗೆಂದು ದುಪ್ಪಟ್ಟು ಮಾಡಿದರು. ಹೀಗೇ ಸಾಗಿತು. ಆರನೆಯವರು ರಜೆಯಲ್ಲಿದ್ದರು, ಪಾಪ, ಅವರ ಪರವಾಗಿ ಐದನೆಯವರೇ ಮತ್ತೊಮ್ಮೆ ದುಪ್ಪಟ್ಟು ಮಾಡಿ ಸಹಕರಿಸಿದರು.

ಏಳುನೂರ ಅರವತ್ತೆಂಟು ಮೀಟರ್ ಎತ್ತರಕ್ಕೆ ನೀರು ಚಿಮ್ಮಿಸಬಲ್ಲ ಪಂಪು ಲಾರಿಯಲ್ಲಿ ಬಂತು. ಗೋಡೆ ಒಡೆದು ಅದನ್ನು ನೆಲಮಾಳಿಗೆಗೆ ಇಳಿಸಲಾಯಿತು. ಮೇಸ್ತ್ರಿ ತಲೆಯ ಮೇಲೆ ಕೈಹೊತ್ತ.

"ಸಾರ್, ಇದನ್ನ ಕೊಳವೆಗೆ ಜೋಡಿಸಿದ್ರೆ ನೀರಿನ ಜೊತೆ ನಾವೂ ಹೊರಗೆ ಹೋಗ್ತೀವಿ."

"ಹಾಗಾದ್ರೆ ಜೋಡಿಸಬೇಡ. ಆದ್ರೆ ಓಡಿಸು. ತಂದ ಯಂತ್ರ ಸುಮ್ಮನೆ ಕೂತಿದ್ರೆ ತನಿಖೆ ಬರುತ್ತೆ."

ಓಡಿಸಿದ. ಅರ್ಧ ಗಂಟೆಯಲ್ಲಿ ಮೋಟಾರು ಕೆಂಡವಾಯಿತು, ನೆಲಮಾಳಿಗೆ ಬೆಚ್ಚಗಾಯಿತು. ಮೇಸ್ತ್ರಿ ಹಿಂದೆಮುಂದೆ ನೋಡದೆ ಮೇಲೆ ಹೋಗಿ ಹೆಂಡತಿಯ ಟೈಪ್‌ರೈಟರನ್ನು ಎತ್ತಿಕೊಂಡು ಬಂದ. ಮರುದಿನ ಲೆಕ್ಕಪತ್ರದವರು ಕುರ್ಚಿ ತಂದರು. ಮೂರನೆಯ ದಿನ ಮೇಲಧಿಕಾರಿಗಳೇ ಇಳಿದರು. ಜಾಗ ಸಾಲದೆ ನೂಕುನುಗ್ಗಲಾದಾಗ ಪ್ರಕಟಣೆ ಹೊರಟಿತು:

'ಪಂಪು ನೀರನ್ನು ಸಿಬ್ಬಂದಿಯ ಬಳಿಗೆ ಸುತ್ತಿಸುವ ಹಳೆಯ ಪದ್ಧತಿಯನ್ನು ಕೈಬಿಡಲಾಗಿದೆ. ಇನ್ನು ಮುಂದೆ ಸಿಬ್ಬಂದಿಯೇ ತಾಸಿಗೊಮ್ಮೆ ಪಂಪನ್ನು ಸುತ್ತತಕ್ಕದ್ದು. ಸುತ್ತು ಎಡದಿಂದ ಬಲಕ್ಕೆ.'

ಪರೀಕ್ಷೆಯ ದಿನ ಬೆರಳಚ್ಚುಗಾರ್ತಿ ನಲವತ್ತೊಂದು ಪದ ಹೊಡೆದಳು. "ಪಾಸಾದೆ ಕಣ್ರೀ!" ಎಂದು ಗಂಡನ ಕಿವಿಯಲ್ಲಿ ಕಿರುಚಿದಳು. ಮೋಟಾರಿನ ಅಬ್ಬರದಲ್ಲಿ ಅವನಿಗೆ ಕೇಳಿಸಲಿಲ್ಲ, ಆದರೆ ಅವಳ ಕೈ ಹಿಡಿದು ನೋಡಿದ, ಬೆಚ್ಚಗಿತ್ತು.

ಮೇಲಧಿಕಾರಿಗಳು ತಮ್ಮ ಸುತ್ತು ಮುಗಿಸಿ ಹಳೆಯ ಫಾರಂ ತರಿಸಿಕೊಂಡರು. ಇಡೀ ಕಚೇರಿ ಈಗ ನೆಲಮಾಳಿಗೆಯಲ್ಲೇ ಇದ್ದುದರಿಂದ, ಹನ್ನೆರಡನ್ನು ಹೊಡೆದು ಎತ್ತರ 'ಸೊನ್ನೆ' ಎಂದು ತಿದ್ದಿ, ಸಹಿ ಮಾಡಿ, ಮೇಸ್ತ್ರಿಯ ಬೆನ್ನು ತಟ್ಟಿದರು.

"ನೀನು ಮೊದಲೇ ಸರಿಯಾಗಿ ಹೇಳಿದ್ದೆ ಕಣಯ್ಯಾ!"